ಗೇರ್‌ಬಾಕ್ಸ್ ಬಿಚ್ಚುವ ಮೊದಲು ಎಣ್ಣೆಯನ್ನು ನೋಡಿ

ಬೆಳಗಾವಿಯ ಉದ್ಯಮಬಾಗಿನ ನಮ್ಮ ಗ್ಯಾರೇಜಿಗೆ ಆಟೋಮ್ಯಾಟಿಕ್ ಕಾರು ತರುವವರಲ್ಲಿ ಹಲವರು ಮತ್ತೊಂದು ಕಡೆ ಬರೆಸಿಕೊಂಡ ದೊಡ್ಡ ಮೊತ್ತದ ಅಂದಾಜುಪಟ್ಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ‘ಗೇರ್‌ಬಾಕ್ಸ್ ಹೋಗಿದೆಯಂತೆ’ ಎನ್ನುತ್ತಾರೆ. ಎಣ್ಣೆಯನ್ನು ಯಾರಾದರೂ ನೋಡಿದರೇ ಎಂದು ಕೇಳಿದರೆ ಉತ್ತರವಿಲ್ಲ. ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಓದಿರುತ್ತಾರೆ, ಅಷ್ಟೇ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಎಟಿಎಫ್, ಬರೀ ಸವೆತ ತಡೆಯುವುದಕ್ಕೆ ಇರುವುದಲ್ಲ. ಎಂಜಿನ್ ಮತ್ತು ಗೇರುಗಳ ನಡುವಿನ ಟಾರ್ಕ್ ಕನ್ವರ್ಟರಿನೊಳಗೆ ಎಂಜಿನಿನ ಶಕ್ತಿಯನ್ನು ದಾಟಿಸುವುದು ಅದೇ. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ವಾಲ್ವ್ ಬಾಡಿಯ ಕಾಲುವೆಗಳಲ್ಲಿ ಒತ್ತಡದಿಂದ ಹರಿದು ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುವುದೂ, ಶಾಖವನ್ನು ಕೂಲರಿಗೆ ಹೊತ್ತೊಯ್ಯುವುದೂ ಅದೇ. ಹೀಗಾಗಿ ಒಂದು ಲೀಟರ್ ಕಡಿಮೆಯಾದರೂ ಸಾಕು, ಗಾಡಿ ಗೇರ್‌ಬಾಕ್ಸ್ ಸತ್ತಂತೆಯೇ ನಡೆದುಕೊಳ್ಳುತ್ತದೆ. ‘ಡಿ’ಗೆ ಹಾಕಿದರೆ ತಡವಾಗಿ ಧಡಕ್ಕೆಂದು ಹಿಡಿಯುತ್ತದೆ, ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದಾಗ ಎಂಜಿನ್ ಸುಮ್ಮನೆ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹೆಚ್ಚಾದರೂ ಇದೇ ಕಥೆ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ಗಾಳಿ ಸೇರಿದ ಎಣ್ಣೆ ಒತ್ತಡ ಹಿಡಿಯುವುದಿಲ್ಲ.

ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಉರಿದು ಖರ್ಚಾಗಬಹುದು. ಎಟಿಎಫ್ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ: ಕೂಲರ್ ಪೈಪಿನ ಜೋಡಣೆ, ತಳದ ಎಣ್ಣೆತಟ್ಟೆಯ (ಪ್ಯಾನ್) ಗ್ಯಾಸ್ಕೆಟ್, ಆಕ್ಸಲ್ ಸೀಲ್ ಅಥವಾ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಪಂಪ್ ಸೀಲ್. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ, ಬೆಳಗ್ಗೆ ಜಾಗ ತಿಳಿಯುತ್ತದೆ. ಆದರೆ ಹಳೆಯ ಹಲವು ಕಾರುಗಳ ಪವರ್ ಸ್ಟಿಯರಿಂಗಿನಲ್ಲೂ ಇದೇ ಕೆಂಪು ಎಣ್ಣೆ ಇರುತ್ತದೆ. ಮುಂದಿನ ಮೂಲೆಯಲ್ಲಿ ಬಿದ್ದ ಹನಿಯನ್ನು ಕಂಡು ಗೇರ್‌ಬಾಕ್ಸ್ ಇಳಿಸಬೇಡಿ.

ಅಳತೆ ನೋಡುವುದೇ ದೊಡ್ಡ ವಿದ್ಯೆ. ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇರುವ ಬಹುತೇಕ ಗಾಡಿಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು, ನೆಲ ಸಮತಟ್ಟಾಗಿರಬೇಕು, ಬ್ರೇಕ್ ತುಳಿದು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ತಂದಿರಬೇಕು. ಹೋಂಡಾದ ಆಟೋಮ್ಯಾಟಿಕ್‌ಗಳಲ್ಲಿ ಇದು ತಿರುವುಮುರುವು: ಬಿಸಿಯಾದ ಎಂಜಿನ್ ಆರಿಸಿ, ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು. ಈಚಿನ ಹಲವು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕೆಳಗೆ, ಹೆಚ್ಚಾದ ಎಣ್ಣೆ ಹೊರಹೋಗಲು ಒಂದು ಓವರ್‌ಫ್ಲೋ ಪ್ಲಗ್ ಇರುತ್ತದೆ. ಎಣ್ಣೆ ಗೊತ್ತುಪಡಿಸಿದ ಉಷ್ಣತೆಗೆ ಬಂದಾಗ, ಎಂಜಿನ್ ಓಡುತ್ತಿರುವಾಗಲೇ ಅದನ್ನು ಬಿಚ್ಚಬೇಕು. ಧಾರೆ ನಿಂತು ಹನಿಯಾದಾಗ ಅಳತೆ ಸರಿ. ಆ ಉಷ್ಣತೆ ಮಾದರಿಯಿಂದ ಮಾದರಿಗೆ ಬೇರೆ, ಹಲವು ಗಾಡಿಗಳಿಗೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ವಿಜಯಪುರದ ಮೇ ತಿಂಗಳಲ್ಲಿ ಮರದ ನೆರಳೇ 40 ಡಿಗ್ರಿ ಇರುತ್ತದೆ! ಆ ಕಡೆಯಿಂದ ಮಧ್ಯಾಹ್ನ ಬಂದ ಗಾಡಿಯ ಪ್ಲಗ್ ಬಿಚ್ಚಿದರೆ, ಹಿಗ್ಗಿದ ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಸುರಿಯುತ್ತದೆ. ಅಳತೆ ಸರಿಮಾಡಿದೆವೆಂದುಕೊಂಡು ಕಡಿಮೆ ಎಣ್ಣೆಯ ಗಾಡಿಯನ್ನು ಕಳಿಸಿದ ಹಾಗಾಯಿತು. ಆದ್ದರಿಂದ ಬೇಸಿಗೆಯಲ್ಲಿ ಇಂಥ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು, ಬೆಳಗ್ಗೆ ಬಿಸಿಲೇರುವ ಮುನ್ನ ಸ್ಕ್ಯಾನರಿನಲ್ಲಿ ಉಷ್ಣತೆ ನೋಡುತ್ತ ಕೆಲಸ ಮಾಡುತ್ತೇವೆ. ‘ಸಾಹೇಬರೇ, ಹತ್ತು ನಿಮಿಷದ ಕೆಲಸಕ್ಕೆ ಒಂದು ರಾತ್ರಿಯೇ?’ ಎನ್ನುವವರಿದ್ದಾರೆ. ಹೌದು, ಒಂದು ರಾತ್ರಿಯೇ.

ಇನ್ನು ಬಣ್ಣ. ಕೆಂಪು ಎನ್ನುವುದು ಕಂಪನಿಯವರು ಬೆರೆಸಿದ ಬಣ್ಣ, ಗುಣದ ಗುರುತಲ್ಲ. ಕಂದು ತಿರುಗಿದ್ದರೆ ಹಳತಾಗಿದೆ, ಗಾಬರಿ ಬೇಡ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸವೆದಿದೆ. ಪ್ಯಾನ್ ಬಿಚ್ಚಿದಾಗ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಮಾತ್ರ ಅಂದಾಜುಪಟ್ಟಿಯ ಮಾತು ಎತ್ತಬಹುದು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಗುಲಾಬಿ ಬಣ್ಣದ ಹಾಲು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಕಾರಿನಲ್ಲಿ ಡ್ರೈನ್ ಪ್ಲಗ್ ಬಿಚ್ಚಿದಾಗ ಅದೇ ಬಂತು. ರೇಡಿಯೇಟರ್ ಮುಚ್ಚಳದ ಒಳಗೆ ಬಿಳಿ ಹರಳು ಕಟ್ಟಿತ್ತು. ಏನು ಹಾಕುತ್ತೀರಿ ಎಂದೆ. ‘ತೋಟದ ಬೋರಿನ ನೀರು. ನಾವು ಕುಡಿಯುವುದೂ ಅದನ್ನೇ’ ಎಂದರು. ಅನೇಕ ಗಾಡಿಗಳಲ್ಲಿ ಎಟಿಎಫ್ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಗಡಸು ನೀರು ವರ್ಷಗಟ್ಟಲೆ ಸುಣ್ಣ ಕಟ್ಟಿ ಲೋಹವನ್ನು ತಿಂದು ನಡುವಿನ ಗೋಡೆ ತೂತಾದರೆ ಎಣ್ಣೆಯೂ ನೀರೂ ಬೆರೆತು ಹಾಲಿನಂತಾಗುತ್ತವೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಹೆಚ್ಚು, ಅದು ನೀರಿಗೆ ನುಗ್ಗುತ್ತದೆ. ಆರಿಸಿದ ಮೇಲೆ ಬಿಸಿ ರೇಡಿಯೇಟರಿನ ಒತ್ತಡದಲ್ಲಿ ನೀರು ಗೇರ್‌ಬಾಕ್ಸಿಗೆ ಬರುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಲೈನಿಂಗ್ ಅಂಟಿನಿಂದ ನಿಂತಿರುವುದು. ನೀರು ಮತ್ತು ಕೂಲಂಟಿನ ಗ್ಲೈಕಾಲ್ ಆ ಅಂಟನ್ನು ಬಿಡಿಸುತ್ತವೆ. ಬೇಗ ಕಂಡರೆ ಹೊಸ ರೇಡಿಯೇಟರ್ ಹಾಕಿ, ಎಣ್ಣೆಯನ್ನು ಮತ್ತೆ ಮತ್ತೆ ಬದಲಿಸಿ ಉಳಿಸಬಹುದು. ತಿಂಗಳುಗಟ್ಟಲೆ ಓಡಿಸಿದ್ದರೆ ನಾನು ಭರವಸೆ ಕೊಡುವುದಿಲ್ಲ.

ಆದರೆ ಗುಲಾಬಿ ಹಾಲು ಕಂಡ ಕೂಡಲೇ ರೇಡಿಯೇಟರಿಗೆ ಆರ್ಡರ್ ಕೊಡುವುದೂ ತಪ್ಪು. 2019ರ ಆಗಸ್ಟಿನಂಥ ಪ್ರವಾಹದ ನೀರಿನಲ್ಲಿ ದಾಟಿದ ಗಾಡಿಗಳಿಗೂ ಇದೇ ಗತಿ ಬರಬಹುದು. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಇರುವ ಬ್ರೀದರ್ ಕೊಳವೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಕೂಲಂಟ್ ಡಬ್ಬಿ ನೋಡಿ. ಅಲ್ಲಿ ಎಣ್ಣೆಯ ಜಿಡ್ಡಿಲ್ಲದೆ ಮಟ್ಟವೂ ಇಳಿಯದೆ ಇದ್ದರೆ ನೀರು ಬಂದಿರುವುದು ಹೊರಗಿನಿಂದಲೇ ಇರಬಹುದು. ಸಂಶಯವಿದ್ದರೆ ಕೂಲರಿಗೆ ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿ, ಆಮೇಲೆ ದುಡ್ಡು ಬಿಚ್ಚಿ.

ತಪ್ಪು ಎಣ್ಣೆಯ ಹಾವಳಿ ಇದಕ್ಕಿಂತ ಸದ್ದಿಲ್ಲದ್ದು. ಮೊದಲು ನಿಮ್ಮ ಗೇರ್‌ಬಾಕ್ಸ್ ಯಾವ ಜಾತಿಯದು ಎಂದು ತಿಳಿಯಿರಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ನಿಜಕ್ಕೂ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದಕ್ಕೆ ಗೇರ್ ಆಯಿಲ್ ಬೇಕು, ಎಟಿಎಫ್ ಅಲ್ಲ. ಬೆಲ್ಟು, ಪುಲ್ಲಿಗಳಿಂದ ವೇಗ ಬದಲಿಸುವ ಸಿವಿಟಿಗೆ ಅದರದೇ ಎಣ್ಣೆ. ಸಾಮಾನ್ಯ ಎಟಿಎಫ್ ಹಾಕಿದರೆ ಉಕ್ಕಿನ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತದೆ. ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲೂ ಟೊಯೊಟಾದ ಡಬ್ಲ್ಯೂಎಸ್ ಎಣ್ಣೆ ಮತ್ತು ಹಳೆಯ ಟಿ-4 ಎಣ್ಣೆ ಒಂದೇ ಅಲ್ಲ. ‘ಎಲ್ಲಕ್ಕೂ ನಡೆಯುತ್ತದೆ’ ಎಂಬ ಡಬ್ಬಿಯನ್ನು ನಾನು ಅಂಗಡಿಯಲ್ಲಿ ಇಡುವುದಿಲ್ಲ. ಹಾಕಿದ ಎಣ್ಣೆಯ ಪೂರ್ತಿ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವ ಗ್ಯಾರೇಜಿನಿಂದ ಗಾಡಿ ತಿರುಗಿಸಿ.

ಅರವತ್ತು ಎಪ್ಪತ್ತರ ವೇಗದಲ್ಲಿ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಗಾಡಿ ನಡುಗುತ್ತದೆಯೇ? ಆಕ್ಸಿಲರೇಟರ್ ಹಾಗೆಯೇ ಇಟ್ಟು ಎಡಗಾಲಿನಿಂದ ಬ್ರೇಕನ್ನು ತುಸು ಮುಟ್ಟಿ, ಖಾಲಿ ರಸ್ತೆಯಲ್ಲಿ ಮಾತ್ರ. ನಡುಕ ತಟ್ಟನೆ ನಿಂತರೆ ದೋಷ, ಎಂಜಿನನ್ನು ಗೇರುಗಳಿಗೆ ನೇರವಾಗಿ ಬಿಗಿಯುವ ಕನ್ವರ್ಟರಿನ ಲಾಕಪ್ ಕ್ಲಚ್ಚಿನದು. ಹಲವು ಬಾರಿ ಸರಿಯಾದ ಹೊಸ ಎಣ್ಣೆಯಿಂದಲೇ ಇದು ಹೋಗುತ್ತದೆ. ನಿಲ್ಲದಿದ್ದರೆ ನಡುಕ ಎಂಜಿನಿನದೇ ಇರಬಹುದು, ಮೊದಲು ಸ್ಪಾರ್ಕ್ ಪ್ಲಗ್ ನೋಡಿಸಿ.

‘ಜೀವಮಾನದ ಎಣ್ಣೆ, ಬದಲಿಸಬೇಕಿಲ್ಲ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಹಲವು ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಲು ಹೇಳುತ್ತದೆ. ಸವದತ್ತಿ ಯಲ್ಲಮ್ಮನ ಜಾತ್ರೆಯ ಜನಜಂಗುಳಿಯಲ್ಲಿ ತಾಸುಗಟ್ಟಲೆ ತೆವಳುವ, ನಮ್ಮ ಬೇಸಿಗೆಯಲ್ಲಿ ಓಡುವ ಗಾಡಿಗೆ ಇನ್ನೂ ಬೇಗ ಬೇಕು. ಎಣ್ಣೆಯ ಉಷ್ಣತೆ ಸಹಜಕ್ಕಿಂತ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವುದು ನಮ್ಮ ಕಸುಬಿನ ಒರಟು ಲೆಕ್ಕ. ಒಮ್ಮೆ ಡ್ರೈನ್ ಮಾಡಿದರೆ ಮೂರನೆಯ ಒಂದು ಭಾಗ, ಹೆಚ್ಚೆಂದರೆ ಅರ್ಧದಷ್ಟು ಎಣ್ಣೆ ಮಾತ್ರ ಹೊರಬರುತ್ತದೆ; ಉಳಿದದ್ದರಲ್ಲಿ ಹೆಚ್ಚಿನದು ಕನ್ವರ್ಟರಿನಲ್ಲೇ ಇರುತ್ತದೆ. ನಾಲ್ಕಾರು ನೂರು ಕಿಲೋಮೀಟರ್ ಬಿಟ್ಟು ಮತ್ತೆ ಮಾಡಿಸಿ. ಹಳೆಯ ಗಾಡಿಗೆ ಒತ್ತಡದ ಯಂತ್ರದಿಂದ ತೊಳೆಯುವುದು ನನಗೆ ಒಪ್ಪಿಗೆಯಿಲ್ಲ, ತಳದ ಕೆಸರು ಎದ್ದು ವಾಲ್ವ್ ಬಾಡಿಗೆ ಸೇರುತ್ತದೆ. ಈಗಾಗಲೇ ಜಾರುತ್ತಿರುವ ಕ್ಲಚ್ಚನ್ನು ಹೊಸ ಎಣ್ಣೆಯೂ ಉಳಿಸಲಾರದು.

ನಮ್ಮ ಕಡೆಯ ಲಾರಿಗಳಲ್ಲಿ ಪೂರ್ಣ ಆಟೋಮ್ಯಾಟಿಕ್ ಅಪರೂಪ. ಅಮೆರಿಕದ ಆಲಿಸನ್ ಕಂಪನಿಯ ಗೇರ್‌ಬಾಕ್ಸ್ ಇರುವ ಬಸ್ಸು, ಟಿಪ್ಪರ್‌ಗಳ ಚಾಲಕರಿಗೆ ಒಂದು ಸೌಕರ್ಯವಿದೆ: ಹಲವು ಪುಶ್‌ಬಟನ್ ಮಾದರಿಗಳಲ್ಲಿ ಗಾಡಿಯನ್ನು ಸಮತಟ್ಟಾದ ಕಡೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಮೇಲೆ ಕೆಳಗೆ ಬಾಣದ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ, ಎಣ್ಣೆ ತಂಗಲು ಸುಮಾರು ಎರಡು ನಿಮಿಷ ಕಾದು, ಎಣ್ಣೆ ಸರಿಯಿದೆಯೇ, ಕಡಿಮೆಯೇ, ಹೆಚ್ಚೇ ಎಂದು ಪರದೆಯೇ ಹೇಳುತ್ತದೆ.

ಕೊನೆಯದಾಗಿ ಘಾಟ್. ಗೋವಾ ಕಡೆಯಿಂದ ಬೆಳಗಾವಿಗೆ ಬರುತ್ತ ಚೋರ್ಲಾ ಘಾಟ್ ಹತ್ತುವಾಗ ಮುಂದಿನ ಲಾರಿಯ ಹಿಂದೆ ‘ಡಿ’ಯಲ್ಲೇ ತೆವಳಿದರೆ ಕನ್ವರ್ಟರ್ ಜಾರುತ್ತ ಎಣ್ಣೆ ಕುದಿಯುವಷ್ಟಾಗುತ್ತದೆ, ಕೆಳಗಿನ ಗೇರಿಗೆ ಇಳಿಸಿಕೊಳ್ಳಿ. ಎಚ್ಚರಿಕೆಯ ದೀಪ ಹತ್ತಿದರೆ ಬದಿಗೆ ನಿಲ್ಲಿಸಿ, ‘ಪಿ’ಯಲ್ಲಿಟ್ಟು ಎಂಜಿನನ್ನು ಓಡಲು ಬಿಡಿ, ಎಣ್ಣೆ ಕೂಲರಿನಲ್ಲಿ ಸುತ್ತಿ ತಣಿಯುತ್ತದೆ. ಗಾಡಿ ಕೆಟ್ಟೇ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್. ಅದು ಆರಿದ್ದಾಗ ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿಕ್ಕಾಡುತ್ತವೆ. ಘಾಟಿನ ಮೇಲಿನ ಕಣಕುಂಬಿಯಲ್ಲಿ ಕುಳಿತು ಎರಡು ತಾಸು ಕಾಯಬೇಕಾದರೂ ಸರಿ, ಇಡೀ ಗಾಡಿಯನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ.