ಪದ ಪರಿಚಯ: ಸ್ವಂತ ಬಳಕೆಯ ವಸ್ತುಗಳು

ವಿದೇಶದಿಂದ ಬಂದಿಳಿದವರ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ತೆರೆಸಿದಾಗ ಹೆಚ್ಚಿನವರ ಬಾಯಿಂದ ಮೊದಲು ಹೊರಡುವ ಮಾತು ‘ಇದೆಲ್ಲ ನನ್ನದೇ, ಸಾರ್’ ಎಂಬುದು. ಮಾತು ಸುಳ್ಳೇನಲ್ಲ, ಆದರೆ ಅಧಿಕಾರಿಗೆ ಬೇಕಾದ ಉತ್ತರ ಅದಲ್ಲ. ವಸ್ತು ಯಾರದು ಎಂಬುದಕ್ಕಿಂತ ಅದು ಬಳಸಿದ್ದೋ ಹೊಸದೋ, ಮನೆಗೋ ಮಾರಾಟಕ್ಕೋ ಎಂಬುದು ಅವರಿಗೆ ಮುಖ್ಯ. ಕಾನೂನಿನ ಇಂಗ್ಲಿಷ್ ಪಠ್ಯದಲ್ಲಿ ‘ಪರ್ಸನಲ್ ಎಫೆಕ್ಟ್ಸ್’ ಎಂದಿರುವುದನ್ನು ಕನ್ನಡದಲ್ಲಿ ‘ಸ್ವಂತ ವಸ್ತುಗಳು’ ಎಂದಷ್ಟೇ ಹೇಳಿದರೆ ಅರ್ಥ ಕೆಡುತ್ತದೆ. ‘ಸ್ವಂತ ಬಳಕೆಯ ವಸ್ತುಗಳು’ ಎಂದಾಗಲೇ ಅದು ಸರಿಯಾಗುತ್ತದೆ, ಏಕೆಂದರೆ ಪದದ ತೂಕವೆಲ್ಲ ಇರುವುದು ‘ಬಳಕೆ’ಯ ಮೇಲೆ.

ಭಾರತದಲ್ಲಿ ಈ ವಿಚಾರದ ಮೂಲ 1962ರ ಕಸ್ಟಮ್ಸ್ ಕಾಯ್ದೆ. ಅದರ 77ನೆಯ ಸೆಕ್ಷನ್ ಪ್ರಕಾರ ಪ್ರಯಾಣಿಕರು ತಮ್ಮ ಬ್ಯಾಗೇಜಿನಲ್ಲಿ ಏನಿದೆಯೆಂದು ಘೋಷಿಸಬೇಕು. 79ನೆಯ ಸೆಕ್ಷನ್ ಪ್ರಕಾರ, ನಿಯಮಗಳು ಹೇಳಿದಷ್ಟು ಕಾಲ ತಾವು ಬಳಸಿದ ವಸ್ತುವಿಗೂ, ತಮ್ಮ ಅಥವಾ ತಮ್ಮ ಕುಟುಂಬದ ಬಳಕೆಗಾಗಿ ಇಲ್ಲವೇ ನಿಜವಾದ ಉಡುಗೊರೆಯಾಗಿ, ಪ್ರವಾಸದ ನೆನಪಿಗಾಗಿ ತಂದ, ಬೆಲೆಯ ಮಿತಿ ಮೀರದ ವಸ್ತುವಿಗೂ ಸುಂಕವಿಲ್ಲ. ಎರಡು ಸಂದರ್ಭಗಳಲ್ಲಿಯೂ ಕಾಯ್ದೆ ಬಳಸುವ ಮಾತು ‘ಅಧಿಕಾರಿಗೆ ಮನವರಿಕೆಯಾದರೆ’ ಎಂಬುದು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ನಮ್ಮ ಗಾದೆ ಏನೇ ಹೇಳಲಿ, ಕಾಯ್ದೆಯೇ ಸುಂಕದವರಿಗೆ ಕೇಳಿಸಿಕೊಳ್ಳುವ ಕೆಲಸ ಒಪ್ಪಿಸಿದೆ. ಆದರೆ ಅವರಿಗೆ ಬೇಕಾದದ್ದು ಕಥೆಯಲ್ಲ, ರಸೀದಿ. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಹಳೆಯ ಶಿಲಾಶಾಸನಗಳಲ್ಲಿ ದೊಡ್ಡ ಸರಕಿನ ಸುಂಕಕ್ಕೆ ‘ಹೆಜ್ಜುಂಕ’ ಎಂದೂ ಚಿಲ್ಲರೆ ಸುಂಕಕ್ಕೆ ‘ಕಿರುಕುಳ’ ಎಂದೂ ಹೆಸರಿತ್ತು. ಈ ಎರಡನೆಯ ಪದಕ್ಕೆ ಇಂದು ಯಾವ ಅರ್ಥ ಉಳಿದಿದೆಯೆಂದು ವಿವರಿಸಬೇಕಾಗಿಲ್ಲ.

2016ರ ಏಪ್ರಿಲ್ 1ರಂದು ಜಾರಿಗೆ ಬಂದ ಬ್ಯಾಗೇಜ್ ನಿಯಮಗಳು ಸ್ವಂತ ಬಳಕೆಯ ವಸ್ತುಗಳೆಂದರೆ ‘ದಿನನಿತ್ಯದ ಅಗತ್ಯಗಳನ್ನು ಪೂರೈಸಲು ಬೇಕಾದ ವಸ್ತುಗಳು, ಆದರೆ ಒಡವೆ ಇದರಲ್ಲಿ ಸೇರುವುದಿಲ್ಲ’ ಎಂಬ ಅರ್ಥದ ವ್ಯಾಖ್ಯಾನ ಕೊಟ್ಟವು. ಉಟ್ಟು ಒಗೆದ ಬಟ್ಟೆ, ಸವೆದ ಚಪ್ಪಲಿ, ಅರ್ಧ ಖಾಲಿಯಾದ ಅತ್ತರಿನ ಸೀಸೆ, ಕನ್ನಡಕ, ಔಷಧಿ, ಕೈಯಲ್ಲಿರುವ ಒಂದು ಫೋನ್ ಇವೆಲ್ಲ ಹೀಗೆ ತಕರಾರಿಲ್ಲದೆ ಹೊರಬರುತ್ತವೆ. ಅದೇ ಪೆಟ್ಟಿಗೆಯಲ್ಲಿ ಸೀಲು ಒಡೆಯದ ಒಂದೇ ಮಾದರಿಯ ಹನ್ನೆರಡು ಫೋನುಗಳಿದ್ದರೆ, ಹಣ ಕೊಟ್ಟವರು ನೀವೇ ಆಗಿದ್ದರೂ, ಅವು ಬಳಕೆಯ ವಸ್ತುಗಳಾಗದೆ ಸರಕಾಗುತ್ತವೆ. ಎರಡರ ನಡುವೆ ಇನ್ನೊಂದು ವರ್ಗವಿದೆ: ಬಳಕೆಗೇ ತಂದದ್ದು, ಆದರೆ ಹೊಸದು. ಇದಕ್ಕೆ ಆ ನಿಯಮಗಳು ಭಾರತದ ನಿವಾಸಿಗಳಿಗೆ 50,000 ರೂಪಾಯಿಯ ಮಿತಿ ಇಟ್ಟಿದ್ದವು. ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳಿಂದ ಬಂದವರಿಗೆ ಅದು 15,000 ಇತ್ತು, ಆ ದೇಶಗಳಿಂದ ಭೂಮಾರ್ಗವಾಗಿ ಬಂದವರಿಗೆ ಬಳಸಿದ ವಸ್ತುಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಇಂಥ ಮೊತ್ತಗಳನ್ನು ಸರ್ಕಾರ ಪರಿಷ್ಕರಿಸುತ್ತಿರುವುದರಿಂದ ಹೊರಡುವ ಮುನ್ನ ಚಾಲ್ತಿಯಲ್ಲಿರುವ ನಿಯಮ ನೋಡಿಕೊಳ್ಳುವುದು ಅಗತ್ಯ.

ಒಬ್ಬರ ರಿಯಾಯಿತಿಯನ್ನು ಇನ್ನೊಬ್ಬರ ರಿಯಾಯಿತಿಗೆ ಕೂಡಿಸುವಂತಿಲ್ಲ ಎಂಬ ಅಂಶವನ್ನು ಮರೆತು ತೊಂದರೆಗೆ ಸಿಲುಕುವವರು ಬಹಳ. 80,000 ರೂಪಾಯಿಯ ಕೈಗಡಿಯಾರವೊಂದನ್ನು ತಂದ ಗಂಡ, ತನ್ನ 50,000ಕ್ಕೆ ಪಕ್ಕದಲ್ಲೇ ನಿಂತ ಹೆಂಡತಿಯ 50,000 ಸೇರಿಸಿ ಲೆಕ್ಕ ಹೇಳಿದರೆ ಅದು ನಡೆಯುತ್ತಿರಲಿಲ್ಲ. ಎರಡು ವರ್ಷ ಮೀರದ ಕೂಸಿನ ಪಾಲಿಗಂತೂ ರಿಯಾಯಿತಿ ಇದ್ದದ್ದು ಅದು ಬಳಸಿದ ವಸ್ತುಗಳಿಗಷ್ಟೇ.

ಆದರೆ ಈ ಪದದ ನಿಜವಾದ ಕಗ್ಗಂಟು ಇರುವುದು ಒಡವೆಯಲ್ಲಿ. ದುಬೈಯಿಂದ ಮಂಗಳೂರಿಗೆ ಬಂದಿಳಿಯುವ ಗೃಹಿಣಿಗೆ ಕೊರಳಿನ ಕರಿಮಣಿ ಸರಕ್ಕಿಂತ ದಿನನಿತ್ಯದ ವಸ್ತು ಬೇರೆ ಯಾವುದಿದ್ದೀತು? ವ್ಯಾಖ್ಯಾನವನ್ನು ಅಕ್ಷರಶಃ ಓದಿದರೆ ಹಲ್ಲುಜ್ಜುವ ಬ್ರಷ್ ಒಳಗೆ, ಕರಿಮಣಿ ಹೊರಗೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ಒಡವೆಯ ರಿಯಾಯಿತಿಯನ್ನು 2016ರ ನಿಯಮಗಳು ಕೊಟ್ಟಿದ್ದವು ನಿಜ. ಜೊತೆಗೇ ಕ್ರಮವಾಗಿ 1 ಲಕ್ಷ, 50,000 ರೂಪಾಯಿಯ ಬೆಲೆಯ ಮಿತಿಯನ್ನೂ ಹಾಕಿದ್ದವು. ಚಿನ್ನ ಗ್ರಾಮಿಗೆ 5,000 ದಾಟಿದ ಮೇಲೆ ಒಂದು ಲಕ್ಷಕ್ಕೆ 20 ಗ್ರಾಮೂ ಬರುವುದಿಲ್ಲವಾದ್ದರಿಂದ, ಕಾಗದದ ಮೇಲಿನ 40 ಗ್ರಾಂ ಕಾಗದದ ಮೇಲೆಯೇ ಉಳಿಯಿತು. ಹದಿನೈದು ದಿನ ಮಗಳ ಮನೆಗೆ ಹೋಗಿಬಂದವರಿಗೆ ಈ ರಿಯಾಯಿತಿಯೂ ಇರಲಿಲ್ಲ.

ಇಲ್ಲಿ ನ್ಯಾಯಾಲಯಗಳು ಪದದ ಅರ್ಥವನ್ನು ಸ್ವಲ್ಪ ಸಡಿಲಗೊಳಿಸಿವೆ. ದೆಹಲಿ ಹೈಕೋರ್ಟ್ ಇತ್ತೀಚಿನ ವರ್ಷಗಳ ಹಲವು ತೀರ್ಪುಗಳಲ್ಲಿ ‘ಒಡವೆ’ಗೂ ‘ಸ್ವಂತ ಬಳಕೆಯ ಒಡವೆ’ಗೂ ಗೆರೆ ಎಳೆದು, ಹೊಸದಾಗಿ ಕೊಂಡುತಂದ ಒಡವೆಯನ್ನು ನಿಯಮ ಹೊರಗಿಟ್ಟಿರಬಹುದಾದರೂ ಪ್ರಯಾಣಿಕರು ನಿಜವಾಗಿ ತೊಟ್ಟು ಬಳಸುತ್ತಿರುವ ಒಡವೆಯನ್ನು ಹೊರಗಿಡುವುದು ಅದರ ಉದ್ದೇಶವಲ್ಲ ಎಂದು ಹೇಳಿದೆ. ಇದು ಭಾಷೆಯ ದೃಷ್ಟಿಯಿಂದಲೂ ಸರಿಯಾದ ಓದು ಎಂದು ನನಗೆ ತೋರುತ್ತದೆ: ಬಳಕೆಯೇ ಅಳತೆಗೋಲಾಗಿರುವ ಪದಕ್ಕೆ ಹತ್ತು ವರ್ಷ ತೊಟ್ಟು ನವೆದ ಬಳೆಯೂ ಅಂಗಡಿಯ ಡಬ್ಬಿಯಲ್ಲಿರುವ ಬಳೆಯೂ ಒಂದೇ ಆಗಲಾರವು. ಹಾಗೆಂದು ತೊಟ್ಟಿದ್ದೆಲ್ಲ ಸ್ವಂತ ಬಳಕೆಯದೇ ಎಂದೂ ಆಗುವುದಿಲ್ಲ. ಬೇರೆಯವರಿಗೆ ತಲುಪಿಸಬೇಕಾದ ಸರವನ್ನು ವಿಮಾನದಲ್ಲಿ ಕೊರಳಿಗೆ ಹಾಕಿಕೊಂಡು ಬರುವ ಉಪಾಯ ಅಧಿಕಾರಿಗಳಿಗೆ ಹಳೆಯದು.

ಇಷ್ಟೆಲ್ಲ ವಾದಕ್ಕೆ ಎಡೆಯಾಗದಂತೆ ಮಾಡುವ ಒಂದು ಚೀಟಿ ಇದೆ, ರಫ್ತು ಪ್ರಮಾಣಪತ್ರ ಎಂದು ಅದರ ಹೆಸರು. ಮದುವೆಗೋ ಬಾಣಂತನಕ್ಕೋ ಒಡವೆ ತೊಟ್ಟು, ಇಲ್ಲವೇ ದುಬಾರಿ ಕ್ಯಾಮೆರಾ ಹಿಡಿದು ಹೊರಡುವವರು ನಿರ್ಗಮನದ ಸಮಯದಲ್ಲಿಯೇ ಕಸ್ಟಮ್ಸ್ ಅಧಿಕಾರಿಗೆ ವಸ್ತುವನ್ನು ತೋರಿಸಿ ವಿವರ ಬರೆಸಿಕೊಂಡರೆ, ಮರಳುವಾಗ ಅದು ಇಲ್ಲಿಂದಲೇ ಹೋದದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚಿನ್ನವಾದರೆ ಈ ಪತ್ರ ಮಾಡಿಸುವಾಗ ತೂಕ, ಶುದ್ಧತೆಗಳ ದಾಖಲೆ ಮತ್ತು ಖರೀದಿಯ ರಸೀದಿ ಜೊತೆಗಿರಬೇಕು. ವಸ್ತುವನ್ನು ಚೆಕ್-ಇನ್ ಪೆಟ್ಟಿಗೆಯೊಳಗೆ ಹಾಕಿ ಕಳಿಸಿಬಿಟ್ಟ ಮೇಲೆ ತೋರಿಸಲು ಏನೂ ಇರುವುದಿಲ್ಲವಾದ್ದರಿಂದ ಈ ಕೆಲಸ ಅದಕ್ಕೂ ಮೊದಲೇ ಆಗಬೇಕು.