ಸೊಲ್ಲು ಹಿಡಿಯಲು ಮಗುವಿಗೆ ಜಾಗ ಬಿಡಿ

ಮುಂಬೈಯ ಅಂಧೇರಿಯಲ್ಲಿರುವ ನಮ್ಮ ಸ್ಟುಡಿಯೋದಲ್ಲಿ ನಡೆಯುವುದು ಹೆಚ್ಚಾಗಿ ಸೀರಿಯಲ್ ಡಬ್ಬಿಂಗು, ಜಾಹೀರಾತಿನ ಕೆಲಸ. ಈಚೆಗೆ ಇನ್ನೊಂದು ಬಗೆಯ ಫೋನು ಜಾಸ್ತಿ ಬರುತ್ತಿದೆ. ಡೊಂಬಿವಲಿ, ಮುಲುಂಡ್, ಮೀರಾ ರೋಡಿನ ಕನ್ನಡ ಮನೆಗಳಿಂದ. ‘ಅಮ್ಮ ಊರಿಂದ ಬಂದಿದ್ದಾರೆ ಸರ್. ಜೋಗುಳ, ಹಳೇ ಪದ ಎಲ್ಲ ಬರುತ್ತೆ. ಮಗುಗೋಸ್ಕರ ರೆಕಾರ್ಡ್ ಮಾಡಿಡಬೇಕು. ಹಿಂದೆ ಸ್ವಲ್ಪ ಮ್ಯೂಸಿಕ್ ಹಾಕಿ ಕೊಡ್ತೀರಾ?’ ಇಂಥ ಮನೆಗಳಲ್ಲಿ ಅಪ್ಪ ಕನ್ನಡ, ಅಮ್ಮ ಮರಾಠಿ, ಶಾಲೆ ಇಂಗ್ಲಿಷು, ಕೆಳಗೆ ಆಡುವ ಹುಡುಗರದ್ದು ಹಿಂದಿ. ಹಾಡಿನಲ್ಲಾದರೂ ಕನ್ನಡ ಕಿವಿಗೆ ಬೀಳಲಿ ಅನ್ನುವ ಆಸೆ.

ಹಿಂದೆ ಮ್ಯೂಸಿಕ್ ಬೇಡ ಅನ್ನುವುದೇ ನನ್ನ ಮೊದಲ ಉತ್ತರ. ಕೆಲವರಿಗೆ ಬೇಜಾರಾಗುತ್ತದೆ.

ಈಗ ಮಕ್ಕಳಿಗೆಂದು ಸಿಗುವ ಜನಪದ ಹಾಡುಗಳ ರೆಕಾರ್ಡಿಂಗನ್ನು ಒಮ್ಮೆ ಗಮನವಿಟ್ಟು ಕೇಳಿ. ಕೀಬೋರ್ಡು, ರಿದಂ ಪ್ಯಾಡು, ಹಾಡುವವರ ದನಿಗೆ ಬಾವಿಯೊಳಗಿನಷ್ಟು ಎಕೋ. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಶುರು. ಮಗು ಬಾಯಿ ಬಿಡೋಣ ಅನ್ನುವಷ್ಟರಲ್ಲಿ ಹಾಡು ಮುಂದೆ ಹೋಗಿಯಾಯಿತು. ಮೂರು ವರ್ಷದ ಮಗುವಿಗೆ ಹಾಡು ಅಂದರೆ ಮಾಡುವ ಕೆಲಸ, ಸುಮ್ನೆ ಕೂತು ಕೇಳುವುದಲ್ಲ. ನಾಲ್ಕು ಸಲ ಕೇಳಿದ ಮೇಲೂ ಮಗು ಒಂದು ಪದವನ್ನಾದರೂ ಜೊತೆಗೆ ಗುನುಗದಿದ್ದರೆ ಆ ರೆಕಾರ್ಡಿಂಗು ದೊಡ್ಡವರಿಗೆ ಚೆನ್ನಾಗಿರಬಹುದು, ಮಗುವಿಗಂತೂ ಅಲ್ಲ.

ಇದನ್ನು ಸರಿಯಾಗಿ ಹಿಡಿದವರು ಶಿಕಾಗೋದ ಮಕ್ಕಳ ಹಾಡುಗಾರ್ತಿ ಎಲ್ಲಾ ಜೆಂಕಿನ್ಸ್ (Ella Jenkins). 1957ರಲ್ಲಿ ಫೋಕ್‌ವೇಸ್ ಕಂಪನಿಯಿಂದ ಬಂದ ಅವರ ಮೊದಲ ರೆಕಾರ್ಡಿನ ರೀತಿ ತೀರಾ ಸರಳ. ಅವರು ಒಂದು ಸಾಲು ಹೇಳುತ್ತಾರೆ, ಮಕ್ಕಳು ಅದನ್ನು ತಿರುಗಿ ಹೇಳುತ್ತಾರೆ. ಉಕುಲೇಲೆ, ಮೌತ್ ಆರ್ಗನ್, ಕೈಯಲ್ಲಿ ಬಡಿಯುವ ವಾದ್ಯ, ಅವರ ಸಂಗೀತಕ್ಕೆ ಹೆಚ್ಚುಕಮ್ಮಿ ಅಷ್ಟೇ ಸಾಕಾಗುತ್ತಿತ್ತು. 2024ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅವರ ರೆಕಾರ್ಡುಗಳು ಈಗಲೂ ಸಿಗುತ್ತವೆ. ಮಾರಾಟ ಆಗಲಿ ಬಿಡಲಿ, ಒಂದು ರೆಕಾರ್ಡನ್ನೂ ಪಟ್ಟಿಯಿಂದ ತೆಗೆಯಬಾರದು ಅನ್ನುವುದು ಫೋಕ್‌ವೇಸ್ ಕಟ್ಟಿದ ಮೋಸೆಸ್ ಆಶ್ ಅವರ ಹಟ. 1987ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಆ ಕಂಪನಿಯನ್ನು ವಹಿಸಿಕೊಂಡಾಗ ಈ ಮಾತನ್ನೂ ಒಪ್ಪಿಕೊಂಡಿತು.

ನಮಗೆ ಇದು ಹೊಸದೇನಲ್ಲ. ಕೋಲಾಟದ ಪದ, ಸೋಬಾನೆ ಪದ ಯಾವುದನ್ನೇ ತೆಗೆದುಕೊಳ್ಳಿ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ತ್ರಿಪದಿ ಓದಿದರೆ ಮೂರೇ ಸಾಲು. ಹಾಡುವಾಗ ಎರಡನೇ ಸಾಲಿನ ತುಂಡನ್ನು ಮತ್ತೆ ಎತ್ತಿಕೊಂಡೇ ಮೂರನೆಯದಕ್ಕೆ ಹೋಗುವುದು. ಜೊತೆ ಸೇರುವವರಿಗೆ ಜಾಗ ಹಾಡಿನೊಳಗೇ ಇದೆ. ಅದನ್ನು ಕೀಬೋರ್ಡಿನಿಂದ ತುಂಬಿಬಿಟ್ಟರೆ ಮಗು ಎಲ್ಲಿ ಸೇರಬೇಕು?

ಇನ್ನು ರೆಕಾರ್ಡ್ ಮಾಡುವ ವಿಷಯ. ಅಜ್ಜಿಯನ್ನು ಸ್ಟುಡಿಯೋಗೆ ಕರೆತರಬೇಡಿ ಅನ್ನುತ್ತೇನೆ. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನು, ಎದುರಿಗೆ ಮೈಕು. ಹಾಡು ಸಭೆಯ ಪ್ರಾರ್ಥನೆಯ ಹಾಗೆ ಬಿಗಿದುಕೊಳ್ಳುತ್ತದೆ. ಡೊಂಬಿವಲಿಯ ಒಂದು ಮನೆಯಲ್ಲಿ ವಿಜಯಪುರದ ಕಡೆಯ ಅಜ್ಜಿಯೊಬ್ಬರು ಎರಡು ಸಾಲು ಹಾಡಿ ಮರೆತೆ ಅಂತ ನಿಲ್ಲಿಸಿದರು. ಮತ್ತೆ ಶುರು, ಮತ್ತೆ ಅಲ್ಲೇ ನಿಂತಿತು. ಕೊನೆಗೆ ಅವರೇ ಗದರಿದರು: ‘ಸುಮ್ಮ ಕುಂತು ಹಾಡಂದ್ರ ಹೆಂಗ ಬರ್ತೈತಿ? ಕೂಸ್ನ ತಗೊಂಬಾ ಇಲ್ಲಿ.’ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟತೊಡಗಿದರು. ಮರೆತ ಸಾಲು ತಾನಾಗಿಯೇ ಬಂತು. ಅದರ ಹಿಂದೆಯೇ ಮಗನಿಗೂ ಗೊತ್ತಿಲ್ಲದ ಇನ್ನಷ್ಟು ನುಡಿಗಳು ಬಂದವು. ಹಾಡಿನ ನೆನಪು ಇರುವುದು ಕೈಯಲ್ಲಿ. ಬೀಸುವ ಪದ ಬೇಕಾದರೆ ಕೈಗೆ ಮೊರವನ್ನೋ ಕಟ್ಟಿಗೆಯ ಹಿಡಿಯನ್ನೋ ಕೊಟ್ಟು ನೋಡಿ.

ಆ ತಟ್ಟುವ ಸದ್ದನ್ನು ತೆಗೆದುಹಾಕಬೇಡಿ. ಅದೇ ತಾಳ. ಫೋನಿನ ರೆಕಾರ್ಡರಿನಲ್ಲಿ ಗದ್ದಲ ಕಡಿಮೆ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ತಟ್ಟುವುದನ್ನೂ ಸಾಲಿನ ಕೊನೆಯಲ್ಲಿ ಮೆಲ್ಲಗಾಗುವ ದನಿಯನ್ನೂ ಅದು ಗದ್ದಲ ಅಂತಲೇ ತಿಳಿದು ಒರೆಸಿಬಿಡುತ್ತದೆ. ಫ್ಯಾನು ನಿಲ್ಲಿಸಿ. ಫ್ರಿಜ್ಜಿನ ಪ್ಲಗ್ ತೆಗೆಯಿರಿ, ಮತ್ತೆ ಹಾಕುವುದು ಮರೆಯದಿರಲು ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗಿಡಿ. ಶೂಟಿಂಗಿನಲ್ಲಿ ಸೌಂಡಿನವರು ಮಾಡುವ ಉಪಾಯ ಇದು. ಹಾಲ್‌ಗಿಂತ ಮಲಗುವ ಕೋಣೆ ಒಳ್ಳೆಯದು. ಹಾಸಿಗೆ, ತೆರೆದಿಟ್ಟ ಬಟ್ಟೆಯ ಕಪಾಟು ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಫೋನು ಬಾಯಿಂದ ಒಂದು ಮೊಳ ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಪಕ್ಕದ ಮನೆಯ ಕುಕ್ಕರ್ ಸೀಟಿಗೆ ಮಾತ್ರ ಮುಂಬೈಯಲ್ಲಿ ಔಷಧಿ ಇಲ್ಲ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹಾಡು ಚೆನ್ನಾಗಿ ಸಿಕ್ಕಿತು ಅನ್ನೋಣ. ಆದರೂ ಮಗು ಜೊತೆಗೆ ಹಾಡುವುದಿಲ್ಲ, ಅಥವಾ ಗೊರಗೊರ ಅನ್ನುತ್ತದೆ. ಇದಕ್ಕೆ ಕಾರಣ ಶ್ರುತಿ. ವಯಸ್ಸಾದಂತೆ ಹೆಂಗಸರ ದನಿ ಕೆಳಗಿಳಿಯುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೆ ಆರಾಮಾಗಿ ಎಟಕುವುದು ಕೀಬೋರ್ಡಿನ ನಡುವಿನ ಸಿ ಪಕ್ಕದ ಡಿಯಿಂದ ಅದರ ಮೇಲಿನ ‘ಎ’ ತನಕ, ಐದು ಸ್ವರದಷ್ಟು. ನಮ್ಮ ಜೋಗುಳಗಳು ಬಹಳಷ್ಟು ಇಷ್ಟರಲ್ಲೇ ಸುತ್ತುತ್ತವೆ, ಆದರೆ ಅಜ್ಜಿ ಅದನ್ನು ಹಾಡುವುದು ಇನ್ನೂ ಕೆಳಗೆ. ಸಾಫ್ಟ್‌ವೇರಿನಲ್ಲಿ ಶ್ರುತಿ ಏರಿಸಿ ಕೊಡಿ ಅಂತ ಕೇಳುತ್ತಾರೆ. ಒಂದೆರಡು ಅರ್ಧಸ್ವರದವರೆಗೆ ಹೇಗೋ ನಡೆಯುತ್ತದೆ. ಅದಕ್ಕಿಂತ ಮೇಲೆ ಹೋದರೆ ಅಜ್ಜಿ ಕಾರ್ಟೂನಿನ ಅಳಿಲಾಗುತ್ತಾರೆ.

ಅದಕ್ಕೇ ನಾನು ಎರಡು ರೆಕಾರ್ಡಿಂಗು ಮಾಡಿಸುತ್ತೇನೆ. ಅಜ್ಜಿಯದ್ದು ಇದ್ದ ಹಾಗೇ, ಒಂದು ಕತ್ತರಿಯನ್ನೂ ಆಡಿಸದೆ, ಎತ್ತಿಡುವುದಕ್ಕೆ. ಅದೇ ಹಾಡನ್ನು ಅಜ್ಜಿಯಿಂದ ಕಲಿತು ಸೊಸೆಯೋ ಮಗುವಿನ ಸೋದರತ್ತೆಯೋ ದೊಡ್ಡ ಅಕ್ಕನೋ ಮೇಲಿನ ಶ್ರುತಿಯಲ್ಲಿ ಹಾಡಿದ್ದು, ಮಗುವಿಗೆ. ಈ ಎರಡನೆಯದರಲ್ಲಿ ಪ್ರತಿ ಸಾಲಿನ ನಂತರ ಅಷ್ಟೇ ಉದ್ದದ ಜಾಗ, ಜೊತೆಗೆ ಒಂದು ಉಸಿರಿನಷ್ಟು ಹೆಚ್ಚು. ಮಕ್ಕಳು ತಡವಾಗಿ ಶುರು ಮಾಡುತ್ತಾರೆ, ನೋಡಿ. ಆ ಜಾಗದಲ್ಲಿ ತಟ್ಟುವ ಸದ್ದು ಮಾತ್ರ ನಡೆಯುತ್ತಿರಲಿ. ಹಾಡು ನಿಂತುಹೋಯಿತು ಅಂತ ಮಗುವಿಗೆ ಅನಿಸುವುದಿಲ್ಲ. ಮರಾಠಿ ಸೊಸೆಯಂದಿರು ಮೊದಲು ಹಿಂಜರಿಯುತ್ತಾರೆ, ಆಮೇಲೆ ಅವರ ಅಂಗಾಯಿಯೂ, ಅಂದರೆ ಮರಾಠಿ ಜೋಗುಳವೂ, ಅದೇ ಕಡತ ಸೇರುತ್ತದೆ. ತುಳು ಮನೆಯವರು ತುಳುವಿನಲ್ಲೇ ಹಾಡಿಸಿ. ಕನ್ನಡಕ್ಕೆ ತಿರುಗಿಸುವ ಉಸಾಬರಿ ಬೇಡ.

ಕೇಳಿಸುವಾಗ ಪುಟ್ಟ ಮಕ್ಕಳಿಗೆ ಹೆಡ್‌ಫೋನು ಬೇಡ. ಮಕ್ಕಳ ಕಿವಿಗೆ 75 ಡೆಸಿಬಲ್‌ನಂತೆ ವಾರಕ್ಕೆ 40 ಗಂಟೆ, ಅದಕ್ಕಿಂತ ಹೆಚ್ಚು ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮನೆಯಲ್ಲಿ ಅಳೆಯುವವರು ಯಾರು? ಹಾಡು ನಡೆಯುವಾಗ ದನಿ ಏರಿಸದೆ ಮಾತಾಡಲು ಬಂದರೆ ಸರಿ. ರಾತ್ರಿ ದಿಂಬಿನ ಪಕ್ಕ ಫೋನಿಟ್ಟು ಜೋಗುಳವನ್ನು ಲೂಪ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಡಲೇಬೇಕಾದರೆ ಕೋಣೆಯ ಆ ತುದಿಯಲ್ಲಿಡಿ, ಟೈಮರ್ ಹಾಕಿ.

ಫೈಲಿಗೆ ‘ಅಜ್ಜಿ ಸಾಂಗ್ 1’ ಅಂತ ಹೆಸರಿಟ್ಟರೆ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ. ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಓವಿಗಳನ್ನು, ಅಂದರೆ ಮರಾಠಿಯ ಬೀಸುವ ಕಲ್ಲಿನ ಪದಗಳನ್ನು, ಕೂಡಿಸಿದ್ದಾರೆ. ಹಳ್ಳಿಗಳ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣದಲ್ಲಿ ಅವುಗಳಲ್ಲಿ ಹಲವನ್ನು ಕೇಳಬಹುದು. ಹಾಡಿದವಳು ಯಾರು, ಯಾವ ಊರು, ಯಾವಾಗ ಅನ್ನುವುದು ಹಾಡಿನ ಜೊತೆಗೇ ಇರುತ್ತದೆ. ನೀವೂ ಹಾಡು ಶುರುವಾಗುವ ಮುಂಚೆ ಹೆಸರು, ಊರು, ತಾರೀಖು, ಯಾರಿಂದ ಕಲಿತದ್ದು ಎಂದು ಅಜ್ಜಿಯ ದನಿಯಲ್ಲೇ ಹೇಳಿಸಿ. ಫೈಲಿನ ಹೆಸರು ಅಳಿದರೂ ಅದು ಉಳಿಯುತ್ತದೆ.

ಕೊನೆಗೆ ಯೂಟ್ಯೂಬ್ ಪ್ರಶ್ನೆ ಬಂದೇ ಬರುತ್ತದೆ. ತಲೆತಲಾಂತರದ ಪದಕ್ಕೆ ಒಡೆಯರಿಲ್ಲ, ಹಾಕಬಹುದು. ಆದರೆ ಕಂಪನಿಯವರು ಮಾಡಿದ ರೆಕಾರ್ಡಿಂಗಿಗೆ ಒಡೆಯರಿದ್ದಾರೆ; ನಮ್ಮ ಕಾನೂನಿನಲ್ಲಿ ಅದು ಹೊರಬಂದ ಮೇಲೆ 60 ವರ್ಷ ಆ ಹಕ್ಕು ನಡೆಯುತ್ತದೆ. ಹಾಗಾಗಿ ಅವರ ಟ್ರ್ಯಾಕ್ ಎತ್ತಿ ಹಿಂದೆ ಜೋಡಿಸಬೇಡಿ. ಇನ್ನೊಂದು, ಹಾಕುವ ಮುಂಚೆ ಹಾಡಿದವರಿಗೆ ಪೂರ್ತಿ ಕೇಳಿಸಿ. ಕೆಲವು ಪದ ಹೆಂಗಸರು ತಮ್ಮತಮ್ಮಲ್ಲಿ ಮಾತ್ರ ಹಾಡಿಕೊಳ್ಳುವಂಥವು, ಕೆಲವು ನುಡಿಗಳಲ್ಲಿ ಅತ್ತೆಮನೆಯವರ ಹೆಸರೇ ಇರುತ್ತದೆ. ‘ಇದೊಂದು ಬ್ಯಾಡಪ್ಪಾ’ ಅಂದರೆ ಅದನ್ನು ಬಿಡಿ, ಉಳಿದದ್ದು ಹಾಕಿ.