ಔಷಧಿ ಅಗ್ಗವಾದರೆ ಇಷ್ಟೊಂದು ಹಣ ಯಾವುದಕ್ಕೆ?

ಓದುಗರ ಪ್ರಶ್ನೆ: ಆಫ್ರಿಕಾದ ಹಳ್ಳಿಗಳಲ್ಲಿ ಬಾಣಂತಿಯರು, ಹಸುಗೂಸುಗಳು ಸಾಯುವುದನ್ನು ತಡೆಯಲು ಸಂಸ್ಥೆಗಳು ನೆರವು ಕೇಳುತ್ತಲೇ ಇರುತ್ತವೆ. ಬೇಕಾದ ಔಷಧಿಗಳು ಅಗ್ಗವೆಂದೂ ಅವೇ ಹೇಳುತ್ತವೆ. ಹಾಗಾದರೆ ಹಣ ಹೋಗುವುದೆಲ್ಲಿಗೆ?

ಉತ್ತರ: ಹೆರಿಗೆಯಾದೊಡನೆ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನೇ ನೋಡಿ. ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ತಡೆಯುವ ಮದ್ದು ಅದು. ಬೆಲೆ ಕಡಿಮೆಯೇ. ಆದರೆ ಅದನ್ನು ಹಳ್ಳಿ ಮುಟ್ಟುವವರೆಗೂ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟಿಲ್ಲದ ಆರೋಗ್ಯ ಕೇಂದ್ರಕ್ಕೆ ಸೌರ ಫ್ರಿಜ್ ಬೇಕು, ಅದು ಕೆಟ್ಟರೆ ರಿಪೇರಿಗೆ ಜನ ಬೇಕು. ಬಿಸಿಲಿಗೆ ಸಿಕ್ಕ ಮದ್ದು ನೋಡಲು ಹಾಗೆಯೇ ಇರುತ್ತದೆ, ಕಸುವು ಇಳಿದಿರುತ್ತದೆ.

2023ರಲ್ಲಿ ಜಗತ್ತಿನಲ್ಲಿ ಬಸಿರು, ಹೆರಿಗೆಯ ಕಾರಣದಿಂದ ಸತ್ತವರು ಸುಮಾರು 2,60,000 ಹೆಂಗಸರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನೂರರಲ್ಲಿ 70 ಸಾವು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲೇ. ಅತಿ ದೊಡ್ಡ ಕಾರಣಗಳಲ್ಲೊಂದು ರಕ್ತಸ್ರಾವ. ಬಟ್ಟೆಯಲ್ಲಿ ಹೀರಿಹೋದ ರಕ್ತ ಎಷ್ಟೆಂದು ಕಣ್ಣಳತೆಗೆ ತಿಳಿಯುವುದಿಲ್ಲ.

ಇಲ್ಲಿ ನಮ್ಮ ಬೆಳಗಾವಿಯನ್ನು ನೆನೆಯಲೇಬೇಕು. ರಕ್ತ ತಡೆಯುವ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ದಾದಿಯರ ಕೈಯಲ್ಲೇ ಕೊಡಿಸಿ ಪರೀಕ್ಷಿಸಿದರು. ಹೆರಿಗೆಯ ನಂತರದ ರಕ್ತಸ್ರಾವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರಕ್ತ ಅಳೆಯಲೆಂದು ಆಗ ರೂಪಿಸಿದ್ದು ತಾಯಿಯ ಸೊಂಟದಡಿ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನವು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಇದೇ ಬಗೆಯ ಹಾಳೆ ಬಳಸಿ, ಅಪಾಯ ಕಂಡೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡಿಸಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾಗುವ ಸಾವು, ಇವುಗಳ ಒಟ್ಟು ಪ್ರಮಾಣ ಶೇ 60ರಷ್ಟು ತಗ್ಗಿತು. ಈ ಸುದ್ದಿ ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಚೀಲದ ಆ ಗೆರೆಯನ್ನು ಮೊದಲ ಒಂದು ಗಂಟೆಯಲ್ಲಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಯಾರಾದರೂ ನೋಡಬೇಕಲ್ಲವೇ? ಉಸಿರಾಡದೆ ಹುಟ್ಟಿದ ಕೂಸಿಗೆ ಮೊದಲ ನಿಮಿಷದಲ್ಲೇ ಮುಖವಾಡವಿಟ್ಟು ಗಾಳಿ ಒತ್ತುವುದಕ್ಕೂ ತರಬೇತಾದ ಕೈ ಬೇಕು. ಅಪರಾತ್ರಿಯಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಲು ಡೀಸೆಲ್ ಬೇಕು, ಅಲ್ಲಿ ರಕ್ತ ಸಿದ್ಧವಿರಬೇಕು. ಹಣದ ಬಹುಪಾಲು ಬೇಕಾಗುವುದು ಇಂಥ ವರ್ಷವರ್ಷದ ಖರ್ಚಿಗೆ, ಅದರಲ್ಲೂ ಸಂಬಳಕ್ಕೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶ 2010ರಲ್ಲಿ ಬಸುರಿ, ಬಾಣಂತಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಚಿಕಿತ್ಸೆ ಉಚಿತ ಮಾಡಿದಾಗ ಆರೋಗ್ಯ ಸಿಬ್ಬಂದಿಯ ಸಂಬಳವನ್ನೂ ಏರಿಸಿತು. ಅದು ಸರಿಯಾದ ಲೆಕ್ಕ.

ಈ ಖರ್ಚನ್ನು ಅಲ್ಲಿನ ಸರ್ಕಾರಗಳೇ ಹೊರಬೇಕು ಎಂಬ ಮಾತು ನ್ಯಾಯವೇ. 2001ರಲ್ಲಿ ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಅವು ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಕೊಡುವ ಮಾತು ಕೊಟ್ಟವು. ಹೆಚ್ಚಿನವು ಅಲ್ಲಿಗೆ ತಲುಪಿಲ್ಲ. 2025ರ ಜುಲೈನಲ್ಲಿ ಹೊರದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆಯೂ ಬಾಗಿಲು ಹಾಕಿತು.

ನೀವು ಕೊಡುವ ಮನಸ್ಸು ಮಾಡಿದರೆ ಮನವಿಯಲ್ಲಿ ಕಟ್ಟಡದ ಚಿತ್ರಕ್ಕಿಂತ ಮೊದಲು ಖರ್ಚಿನ ಪಟ್ಟಿ ಓದಿ. ದಾದಿಯ ಸಂಬಳ ಎಷ್ಟು ವರ್ಷಕ್ಕೆ, ಆಮೇಲೆ ಯಾರು ಕೊಡುತ್ತಾರೆ, ಗಾಡಿಯ ಡೀಸೆಲ್ ಯಾರದು? ಈ ಸಾಲುಗಳು ಕಾಣದಿದ್ದರೆ ನಾನು ಹಣ ಕಳಿಸುವ ಮೊದಲು ಅವರಿಗೆ ಪತ್ರ ಬರೆದು ಕೇಳುತ್ತೇನೆ.